ಹನ್ನೊಂದು ದಿನ ತಡವಾಗಿ ಸಿಕ್ಕ ನಲವತ್ಮೂರು ಸೆಕೆಂಡು

ಬೆಳಗಿನ ಐದೂ ನಲವತ್ತು. ತಾರಸಿಯ ಮೇಲೆ ಮಲಗಿದಂತಿದ್ದ ಆಂಟೆನಾದ ದೊಡ್ಡ ಬಟ್ಟಲು ಮೆಲ್ಲಗೆ ತಲೆ ಎತ್ತಿ ಪಡುವಣಕ್ಕೆ ಮುಖ ತಿರುಗಿಸುತ್ತದೆ. ಕೆಳಗೆ, ಮೊದಲ ಮಹಡಿಯ ಕೊನೆಯ ಕೋಣೆಯಲ್ಲಿ, ಐವತ್ತಾರು ವರ್ಷದ ಹೆಂಗಸೊಬ್ಬರು ಲೋಟದ ಚಹಾವನ್ನು ಅರ್ಧಕ್ಕೇ ಬಿಟ್ಟು ಕನ್ನಡಕ ಒರೆಸಿಕೊಳ್ಳುತ್ತಾರೆ. ಮೇಜಿನ ಮೇಲೆ ನಾಲ್ಕು ಪರದೆಗಳಿವೆ, ಬೆಳಗುವುದು ಎರಡೇ. ಉಳಿದೆರಡರ ಮೇಲೆ ಧೂಳು ಕೂತಿದೆ. ಕಿಟಕಿ ತೆರೆದರೆ ಎದುರಿಗೆ ಪಕ್ಕದ ಕಟ್ಟಡದ ಗೋಡೆ, ಅದರ ಮೇಲೊಂದು ನೀರಿನ ಪೈಪು. ಆಕಾಶ ಕಾಯುವ ಕೆಲಸದವರಿಗೆ ಕೊಟ್ಟಿರುವುದು ಆಕಾಶ ಕಾಣದ ಕೋಣೆ.

"ಬಂತು ನೋಡಿ," ಎನ್ನುತ್ತಾರೆ ಅವರು, ಬಸ್ಸು ಬಂತು ಎನ್ನುವ ಹಾಗೆ.

ಬಂದದ್ದು ನೆತ್ತಿಯಿಂದ ಮುನ್ನೂರೈವತ್ತು ಕಿಲೋಮೀಟರ್ ಮೇಲೆ ಹಾದುಹೋಗುವ ಒಂದು ದೂರದರ್ಶಕ. ಇಪ್ಪತ್ಮೂರು ವರ್ಷದಿಂದ ಭೂಮಿಯನ್ನು ಸುತ್ತುತ್ತಿದೆ. ಈ ದಿಗಂತದಿಂದ ಆ ದಿಗಂತಕ್ಕೆ ದಾಟಲು ಅದಕ್ಕೆ ಬೇಕಾದದ್ದು ಒಂಬತ್ತು ನಿಮಿಷ. ಅಷ್ಟರೊಳಗೆ ತಾನು ಕಂಡದ್ದನ್ನೆಲ್ಲ ಈ ಬಟ್ಟಲಿಗೆ ಸುರಿದು ಹೋಗಬೇಕು. ಪರದೆಯ ಮೇಲೆ ಗೆರೆಗಳು ಒಂದರ ಹಿಂದೆ ಒಂದು ಬಂದು ಬೀಳುತ್ತವೆ. ಎಲ್ಲವೂ ನಡುಗುವ ಹುಲ್ಲಿನಂತಿವೆ. ಅಲ್ಲೊಂದು ಇಲ್ಲೊಂದು ಮಾತ್ರ ಸೂಜಿಯಂತೆ ಮೇಲೆದ್ದಿದೆ. ಆ ಸೂಜಿಗಳನ್ನು ಒಂದೊಂದಾಗಿ ಹತ್ತಿರ ಎಳೆದು ನೋಡುವುದೇ ಈ ಹೆಂಗಸಿನ ಉದ್ಯೋಗ.

ಈ ಸುತ್ತಿಗೆ ಏಳು ಸೂಜಿ. "ಇದು ಸೂರ್ಯ, ನಿಧಾನಕ್ಕೆ ಏರ್ತಾನೆ, ದೊಡ್ಡ ಮನುಷ್ಯ. ಇದು ಗುಡುಗು. ಇದೂ ಗುಡುಗು, ಕೆಳಗೆಲ್ಲೋ ಮಳೆ ಹೊಡೀತಿದೆ. ಇದು ಬರೀ ಕಣ, ದಾರೀಲಿ ಹೋಗ್ತಾ ತಾಗಿದೆ. ಇದು, ಇದು, ಇದು... ಕಣಾನೇ." ಕೊನೆಯದೊಂದರ ಮೇಲೆ ಅವರ ಕೈ ನಿಲ್ಲುತ್ತದೆ. ಮುಖ ಪರದೆಗೆ ಒಂದು ಗೇಣು ಹತ್ತಿರವಾಗುತ್ತದೆ. ಆಮೇಲೆ ಬೆನ್ನು ಕುರ್ಚಿಗೆ ಆನಿಸಿ, ದಪ್ಪ ಪುಸ್ತಕದಲ್ಲಿ ತಾರೀಖು, ಹೊತ್ತು ಬರೆದು, ಎದುರಿಗೆ ಎರಡೇ ಪದ ಬರೆಯುತ್ತಾರೆ: ಏನೂ ಇಲ್ಲ.

"ಏನೂ ಇಲ್ಲ ಅಂತ ಬರೆಯೋಕೂ ಒಬ್ಬರು ಬೇಕಲ್ಲ," ಎಂದು ನಗುತ್ತಾರೆ. ನಗು ತುಟಿಯಲ್ಲೇ ಮುಗಿಯುತ್ತದೆ.

ಕಚೇರಿಯ ಕಾಗದದಲ್ಲಿ ಅವರು ಎರಡನೇ ದರ್ಜೆಯ ದತ್ತಾಂಶ ಸಹಾಯಕಿ. ಆ ಹೆಸರಿನಿಂದ ಅವರನ್ನು ಯಾರೂ ಕರೆದದ್ದಿಲ್ಲ. ಆಂಟೆನಾ ನೋಡಿಕೊಳ್ಳುವ ಮೇಸ್ತ್ರಿ ಬಹಳ ವರ್ಷಗಳ ಹಿಂದೆ ಇವರ ಕೆಲಸವನ್ನು ಬಾಗಿಲಲ್ಲಿ ನಿಂತು ಒಂದು ಗಂಟೆ ನೋಡಿ, "ಇದೇನಕ್ಕಾ, ದಿನಾ ಜರಡಿ ಹಿಡ್ಕೊಂಡು ಕೂತ್ಕೋತೀಯ, ಬರೀ ಹೊಟ್ಟೇ ಬೀಳುತ್ತೆ" ಎಂದಿದ್ದ. ಅಂದಿನಿಂದ ಅವರು ಜರಡಿಯಕ್ಕ. ಮೇಲಧಿಕಾರಿಗಳೂ ಹಾಗೇ ಕರೆಯುತ್ತಾರೆ. ಮನೆಯಲ್ಲಿ ಯಜಮಾನರೂ ಸಿಟ್ಟು ಬಂದಾಗ ಅದನ್ನೇ ಬಳಸುತ್ತಾರೆ.

ಹೊಟ್ಟನ್ನು ಗಾಳಿಗೆ ತೂರಿ ಅವರು ಹುಡುಕುವ ಕಾಳು ಯಾವುದು? ಮ್ಯಾಗ್ನೆಟಾರ್ ಎಂಬ ನಕ್ಷತ್ರದ ಸಿಡಿತ. ಜರಡಿಯಕ್ಕ ವಿಜ್ಞಾನಿಯಲ್ಲ, ಹಾಗಾಗಿ ಅವರ ವಿವರಣೆ ಬೇಗ ಅರ್ಥವಾಗುತ್ತದೆ. "ದೊಡ್ಡ ನಕ್ಷತ್ರ ಸತ್ತು ಸಿಡಿದ ಮೇಲೆ ನಡುವೆ ಒಂದು ಗಟ್ಟಿ ಬೀಜ ಉಳಿಯುತ್ತೆ. ಒಂದು ಊರಿನಷ್ಟು ಅಗಲ, ಸೂರ್ಯನಿಗಿಂತ ಭಾರ. ಕೆಲವು ಬೀಜಗಳಿಗೆ ವಿಪರೀತ ಅಯಸ್ಕಾಂತದ ಶಕ್ತಿ. ಆ ಶಕ್ತಿ ಒಳಗೇ ಎಳೆದಾಡಿ ಎಳೆದಾಡಿ, ಒಂದಿನ ಮೇಲಿನ ಚಿಪ್ಪು ಬಿರುಕು ಬಿಡುತ್ತೆ. ಬಿಟ್ಟಾಗ ಕಣ್ಣಿಗೆ ಕಾಣದ ಬೆಳಕು ಹೊಡೆಯುತ್ತೆ. ನಮ್ಮ ಗಾಳಿ ಅದನ್ನ ಕೆಳಗೆ ಬರೋಕೆ ಬಿಡಲ್ಲ. ಅದಕ್ಕೇ ಮೇಲೆ ಹೋಗಿ ಕಾಯಬೇಕು." ನಮ್ಮ ಇಡೀ ಆಕಾಶಗಂಗೆಯಲ್ಲಿ ಇಂಥವು ಸುಮಾರು ಮೂವತ್ತು ಮಾತ್ರ ಗೊತ್ತಾಗಿವೆ. ಯಾವುದು ಯಾವಾಗ ಸಿಡಿಯುತ್ತದೆಂದು ಹೇಳಬಲ್ಲವರು ಯಾರೂ ಇಲ್ಲ. ಹೆಚ್ಚಿನ ಸಿಡಿತದ ಆಯಸ್ಸು ಒಂದು ಸೆಕೆಂಡಿನ ಹತ್ತನೇ ಒಂದು ಭಾಗ. ಚಿಟಿಕೆ ಹೊಡೆದಷ್ಟು ಹೊತ್ತು.

ದೂರದರ್ಶಕದ ಮೈಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ಪೆಟ್ಟಿಗೆಗಳಿವೆ. ಆಕಾಶದಲ್ಲಿ ಎಲ್ಲಿ ಮಿಂಚಿದರೂ ಅವಕ್ಕೆ ತಾಗುತ್ತದೆ. ಮಿಂಚಿದ್ದು ನಿಜವೆಂದು ಗೊತ್ತಾದ ಕೂಡಲೇ ಉದ್ದನೆಯ ಮುಖ್ಯ ದೂರದರ್ಶಕವನ್ನು ಆ ಕಡೆ ತಿರುಗಿಸಿ, ಸಿಡಿದ ನಕ್ಷತ್ರದ ಮೈ ಹೇಗೆ ಕಾದಿದೆ, ಹೇಗೆ ಆರುತ್ತಿದೆ ಎಂದು ನೋಡಬೇಕು. ವಿಜ್ಞಾನಿಗಳಿಗೆ ಬೇಕಾದದ್ದು ಆ ಆರುವಿಕೆ. ಅದಕ್ಕಾಗಿಯೇ ಅವಸರ. ಆದರೆ ಪೆಟ್ಟಿಗೆಗಳಿಗೆ ಮಿಂಚೂ ಒಂದೇ, ದಾರಿಹೋಕ ಕಣವೂ ಒಂದೇ. ಅಲ್ಲೇ ಜರಡಿ ಬೇಕಾಗುವುದು. "ನಿಜವಾದ ಸಿಡಿತ ಒಂದೇ ಕಡೆಯಿಂದ ಬರುತ್ತಲ್ಲ, ಆ ಕಡೆ ಮುಖ ಮಾಡಿರೋ ಪೆಟ್ಟಿಗೇಲಿ ಜಾಸ್ತಿ, ಬೆನ್ನು ಮಾಡಿರೋದ್ರಲ್ಲಿ ಕಮ್ಮಿ. ಮನೆಗೆ ಬಿಸಿಲು ಬಿದ್ದ ಹಾಗೆ. ನಾಲ್ಕೂ ಕಡೆ ಒಂದೇ ಸಮ ಬಿಸಿಲು ಬೀಳುತ್ತೇನು? ಬಿದ್ರೆ ಅದು ಸುಳ್ಳು ಬಿಸಿಲು."

ಈ ಕಣ್ಣು ಅವರಿಗೆ ಬಂದದ್ದು ತಾಯಿಯಿಂದ. ತಾಯಿ ಬಟ್ಟೆ ಗಿರಣಿಯಲ್ಲಿ ಮೂವತ್ತೊಂದು ವರ್ಷ ತಪಾಸಣೆ ಮಾಡಿದವರು. ಗಾಜಿನ ಮೇಜು, ಅದರ ಕೆಳಗೆ ದೀಪ, ಮೇಲೆ ಸರಸರನೆ ಹರಿದುಹೋಗುವ ಬಟ್ಟೆ. ಎಲ್ಲಾದರೂ ಒಂದು ಎಳೆ ತಪ್ಪಿದ್ದರೆ ಸೀಮೆಸುಣ್ಣದ ಗುರುತು ಹಾಕಬೇಕು. ರಜೆಯಲ್ಲಿ ಮಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಮಗಳು ಒಂದು ತಪ್ಪು ತೋರಿಸುವಷ್ಟರಲ್ಲಿ ತಾಯಿ ಮೂರು ಗುರುತು ಹಾಕಿರುತ್ತಿದ್ದರು. "ತಪ್ಪನ್ನ ಹುಡುಕ್ಬೇಡ ಕಣೇ," ಎನ್ನುತ್ತಿದ್ದರಂತೆ. "ಹುಡುಕೋಕೆ ಹೊರಟ್ರೆ ಎಲ್ಲಾ ಕಡೆ ತಪ್ಪೇ ಕಾಣುತ್ತೆ. ಬಟ್ಟೆ ಹರಿಯೋಕೆ ಬಿಡು. ತಪ್ಪಿದ್ರೆ ಅದೇ ಬಂದು ಕಣ್ಣಿಗೆ ಚುಚ್ಚುತ್ತೆ." ಗಿರಣಿ ಮುಚ್ಚುವ ಹೊತ್ತಿಗೆ ಆ ಕಣ್ಣುಗಳಿಗೆ ಮಗಳ ಮುಖವೂ ಮಸುಕಾಗಿ ಕಾಣತೊಡಗಿತ್ತು.

ಮಗಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ರೇಡಿಯೊ ಅಂಗಡಿ, ಟೆಲಿಫೋನ್ ಕಚೇರಿ ಎಂದು ಅಲೆದು, ಮೂವತ್ಮೂರನೇ ವಯಸ್ಸಿಗೆ ಈ ಕೋಣೆಗೆ ಬಂದು ಕೂತರು. ಆಗ ಇಲ್ಲಿ ಇಪ್ಪತ್ತೆರಡು ಜನ. ದಿನಕ್ಕೆ ಮುನ್ನೂರಕ್ಕೂ ಹೆಚ್ಚು ಸೂಜಿಗಳು ಕೆಳಗೆ ಬರುತ್ತಿದ್ದವು. ಪಾಳಿಗೊಬ್ಬರಂತೆ ಇಬ್ಬರು ಹಂಚಿಕೊಂಡು ನೋಡುತ್ತಿದ್ದರು. ಇಷ್ಟು ವರ್ಷದಲ್ಲಿ ಜರಡಿಯಕ್ಕನ ಕಣ್ಣ ಮುಂದೆ ಹಾದುಹೋದದ್ದು ಹನ್ನೆರಡು ಲಕ್ಷ ದಾಟುತ್ತದೆ. ಅದರಲ್ಲಿ ಕಾಳು ಎಂದು ಎತ್ತಿಟ್ಟದ್ದು ಸಾವಿರದ ಒಂಬೈನೂರ ಹನ್ನೆರಡು.

ಸಂತೋಷದ ದಿನಗಳೂ ಇದ್ದವು. ಒಮ್ಮೆ ಒಂದು ನಕ್ಷತ್ರ ಹುರಿಗಡಲೆ ಸಿಡಿದ ಹಾಗೆ ಒಂದೇ ದಿನದಲ್ಲಿ ಇನ್ನೂರ ಹದಿನಾಲ್ಕು ಸಲ ಸಿಡಿಯಿತು. ಕೋಣೆ ತುಂಬ ಜನ, ಫೋನು ಕೆಳಗಿಡಲು ಬಿಡುವಿಲ್ಲ. ಊಟದ ಹೊತ್ತು ಮೀರಿದರೂ ಹೆಂಡತಿ ಬರಲಿಲ್ಲವೆಂದು ಶಾಲಾ ವ್ಯಾನು ಓಡಿಸುವ ಯಜಮಾನರು ಮಕ್ಕಳನ್ನು ಇಳಿಸಿ ಖಾಲಿ ವ್ಯಾನಿನಲ್ಲಿ ಡಬ್ಬಿ ತಂದಿದ್ದರು. "ಅವತ್ತು ಇವಳ ಮುಖ ನೋಡ್ಬೇಕಿತ್ತು," ಎನ್ನುತ್ತಾರೆ ಅವರು. "ನಮ್ಮ ಮದುವೇಲೂ ಅಷ್ಟು ನಕ್ಕಿರ್ಲಿಲ್ಲ." ಆ ಸಿಡಿತಗಳ ಬಗ್ಗೆ ಬಂದ ಪ್ರಬಂಧದ ಕೊನೆಯಲ್ಲಿ ಸಣ್ಣ ಅಕ್ಷರದ ಒಂದು ಸಾಲಿತ್ತು: ಪಾಳಿಯ ಸಿಬ್ಬಂದಿಗೆ ಕೃತಜ್ಞತೆಗಳು. ಜರಡಿಯಕ್ಕ ಅದನ್ನು ತಾಯಿಗೆ ಓದಿ ಹೇಳಿದ್ದರು. "ಸಿಬ್ಬಂದಿ ಅಂದ್ರೆ ನೀನೇನಾ?" ಎಂದು ತಾಯಿ ಎರಡು ಸಲ ಕೇಳಿದ್ದರು.

ಮೂರು ವರ್ಷದ ಹಿಂದಿನ ಮಾತಿಗೆ ಬಂದಾಗ ಜರಡಿಯಕ್ಕ ಎದ್ದು ಬಾಗಿಲು ಮುಂದಕ್ಕೆ ಹಾಕುತ್ತಾರೆ. ಕೇಳಿಸಿಕೊಳ್ಳಲು ಹೊರಗೆ ಯಾರೂ ಇಲ್ಲ. ಆದರೂ ಹಾಕುತ್ತಾರೆ.

ತಾಯಿ ಮನೆಯಲ್ಲಿ ಕುಸಿದುಬಿದ್ದಿದ್ದರು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಆಸ್ಪತ್ರೆಯವರು. ಜರಡಿಯಕ್ಕ ಮೂರು ದಿನದ ರಜೆ ಬರೆದುಕೊಟ್ಟರು. ಹದಿನಾಲ್ಕು ವರ್ಷದಲ್ಲಿ ಅದು ಮೊದಲ ರಜೆ. ಇನ್ನೊಂದು ಪಾಳಿಯವರು ಆಗಲೇ ನಿವೃತ್ತರಾಗಿದ್ದರು, ಆ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿರಲಿಲ್ಲ. ಹಾಗಾಗಿ ಆ ದಿನಗಳ ಮಟ್ಟಿಗೆ ಸೋಸುವ ಕೆಲಸವನ್ನು ಹೊಸದಾಗಿ ಬರೆದಿಟ್ಟಿದ್ದ ಒಂದು ಕಂಪ್ಯೂಟರ್ ಪ್ರೋಗ್ರಾಮಿಗೆ ಒಪ್ಪಿಸಿದರು.

ರಜೆಯ ಮೊದಲ ಬೆಳಗ್ಗೆ, ಆರು ಹನ್ನೆರಡಕ್ಕೆ, ಹತ್ತೊಂಬತ್ತು ವರ್ಷ ತುಟಿಪಿಟಿಕ್ಕೆನ್ನದೆ ಇದ್ದ ಒಂದು ನಕ್ಷತ್ರ ಸಿಡಿಯಿತು. ಅದೂ ಚಿಟಿಕೆಯಷ್ಟಲ್ಲ. ಮೊದಲು ಪೆಟ್ಟಿಗೆಗಳ ಕಣ್ಣು ಕುಕ್ಕುವಂಥ ಒಂದು ಹೊಡೆತ, ಅದರ ಹಿಂದೆ ಉದ್ದನೆಯ ಬಾಲ. ನಕ್ಷತ್ರ ತನ್ನ ಸುತ್ತ ತಾನು ತಿರುಗುವುದರಿಂದ ಆ ಬಾಲ ಉಸಿರಾಡಿದಂತೆ ಏರಿಳಿಯುತ್ತದೆ. ಏಳು ಪಾಯಿಂಟ್ ಎರಡು ಸೆಕೆಂಡಿಗೊಂದು ಉಸಿರು. ಆರು ಉಸಿರು. ಒಟ್ಟು ನಲವತ್ಮೂರು ಸೆಕೆಂಡು. ಇಂಥ ಬಾಲವನ್ನು ಕಾಣದೆಯೇ ಈ ವಿದ್ಯೆಯಲ್ಲಿ ತಲೆ ನರೆಸಿಕೊಂಡವರಿದ್ದಾರೆ.

ಬೇರೆ ದೂರದರ್ಶಕಗಳಿಗೆ ಆ ಗಳಿಗೆಯಲ್ಲಿ ಭೂಮಿ ಅಡ್ಡವಿತ್ತು. ಕಂಡದ್ದು ಇದೊಂದಕ್ಕೇ. ಇದಾದರೋ ಇನ್ನು ನಾಲ್ಕು ನಿಮಿಷದಲ್ಲಿ ಸಾಗರದ ಮೇಲಿನ ಒಂದು ಜಾಗಕ್ಕೆ ಹೋಗುವುದರಲ್ಲಿತ್ತು. ಅಲ್ಲಿ ಕಣಗಳ ದಟ್ಟಣೆ ಎಷ್ಟೆಂದರೆ, ದಾಟುವಾಗ ಬರುವುದನ್ನೆಲ್ಲ ಕಣ್ಣುಮುಚ್ಚಿ ಎಸೆಯುವುದು ರೂಢಿ. ಏಕಾಏಕಿ ಎಣಿಕೆ ಏರಿದ್ದನ್ನು ಕಂಡ ಪ್ರೋಗ್ರಾಮು, ಆ ಜಾಗ ನಾಲ್ಕು ನಿಮಿಷ ಮೊದಲೇ ಬಂತೆಂದು ತಿಳಿದು, ಬಾಲದ ಸಮೇತ ಎಲ್ಲವನ್ನೂ ಹೊಟ್ಟಿನ ರಾಶಿಗೆ ತಳ್ಳಿತು.

"ಆಮೇಲೆ ಲೆಕ್ಕ ಹಾಕಿ ನೋಡ್ದೆ," ಎನ್ನುತ್ತಾರೆ ಜರಡಿಯಕ್ಕ. "ಆರು ಹನ್ನೆರಡಕ್ಕೆ ನಾನು ಅಮ್ಮನ ತಲೆ ಬಾಚ್ತಿದ್ದೆ. ನರ್ಸಮ್ಮ ಆರು ಗಂಟೆಗೆ ಹಾಸಿಗೆ ಬದಲಾಯಿಸಿ ಹೋಗಿದ್ರು, ಅಮ್ಮನ ಕೂದಲು ಗಂಟಾಗಿತ್ತು. ಒಂದು ಗಂಟು ಬಿಡಿಸೋಕೆ ನಲವತ್ತು ಸೆಕೆಂಡು ಬೇಕೇಬೇಕು. ಬಾಚಿದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ಆದ್ರೆ ಈಗ ಒಂದನ್ನ ನೆನೆಸ್ಕೊಂಡ್ರೆ ಇನ್ನೊಂದು ಬಂದುಬಿಡುತ್ತೆ. ಅಮ್ಮನಿಗಾಗಿ ಅಂತ ಒಂದು ಸಲಾನೂ ಬಿಡಿಯಾಗಿ ಅಳೋಕೆ ಆಗಿಲ್ಲ ನನಗೆ."

ಮಾರನೆಯ ದಿನ ಮಧ್ಯಾಹ್ನ ತಾಯಿ ತೀರಿಕೊಂಡರು. ರಜೆ ಒಂಬತ್ತು ದಿನಕ್ಕೆ ಬೆಳೆಯಿತು.

ಮರಳಿ ಬಂದವರು ಮೊದಲು ಮಾಡಿದ್ದು ಯಾರೂ ಮಾಡೆಂದು ಹೇಳದ ಕೆಲಸ. ಪ್ರೋಗ್ರಾಮು ಆರಿಸಿದ್ದನ್ನು ಬಿಟ್ಟು, ಅದು ಎಸೆದ ರಾಶಿಯನ್ನು ಕೊನೆಯ ದಿನದಿಂದ ಹಿಂದಕ್ಕೆ ಎಳೆದುಕೊಂಡು ಕೂತರು. ಎರಡು ದಿನ ಬರೀ ಹೊಟ್ಟು. ಮೂರನೆಯ ದಿನ, ಅಂದರೆ ಸಿಡಿತವಾಗಿ ಹನ್ನೊಂದು ದಿನಕ್ಕೆ, ಬೆಳಗ್ಗೆ ಹತ್ತರ ಸುಮಾರಿಗೆ ಒಂದು ಗೆರೆ ಕಣ್ಣಿಗೆ ಚುಚ್ಚಿತು. ಒಂದು ಏರು. ಇಳಿತ. ಇನ್ನೊಂದು ಏರು. ಪರದೆಗೆ ಬೆರಳಿಟ್ಟು ಎಣಿಸಿದರು. ಆರು ಬಂತು.

ನಲವತ್ತು ನಿಮಿಷ ಅವರು ಕುರ್ಚಿಯಿಂದ ಏಳಲಿಲ್ಲ. ಅದು ರಾಶಿಯಲ್ಲಿ ಬಿದ್ದಿತ್ತು; ರಾಶಿಯನ್ನು ಈವರೆಗೆ ಯಾರೂ ನೋಡಿರಲಿಲ್ಲ, ಮುಂದೆಯೂ ನೋಡುವವರಿರಲಿಲ್ಲ. ಬಾಯಿ ಮುಚ್ಚಿಕೊಂಡು ಪುಸ್ತಕದಲ್ಲಿ ಎಂದಿನ ಎರಡು ಪದ ಬರೆದಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. "ಆ ಯೋಚನೆ ಬರಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಬಂತು. ಚೆನ್ನಾಗೇ ಬಂತು."

ಆಮೇಲೆ ಎದ್ದು ಮೂರನೇ ಮಹಡಿಗೆ ಹೋದರು. ಆಗಿನ ಮುಖ್ಯಸ್ಥರು ಕಾಗದಗಳ ನಡುವೆ ಕೂತಿದ್ದರು.

"ಸರ್, ಒಂದು ಬಿಟ್ಟುಹೋಗಿದೆ."

"ಏನು ಬಿಟ್ಟುಹೋಗಿದೆ? ಕೂತ್ಕೊಳ್ಳಿ. ಅಮ್ಮನ ಕೆಲಸ ಎಲ್ಲಾ ಮುಗೀತಾ?"

"ಮುಗೀತು ಸರ್. ಸಿಡಿತ ಬಿಟ್ಟುಹೋಗಿದೆ. ಬಾಲ ಇದೆ. ಏಳು ಪಾಯಿಂಟ್ ಎರಡು."

ಮುಖ್ಯಸ್ಥರು ಅರ್ಧ ಎದ್ದವರು ಹಾಗೇ ನಿಂತರು. "ಯಾವತ್ತು?"

"ಹನ್ನೊಂದು ದಿನ ಆಯ್ತು."

"ಸೂರ್ಯ ಎಲ್ಲಿದ್ದಾನೆ ಈಗ?"

ಅದು ಜರಡಿಯಕ್ಕ ಆ ನಲವತ್ತು ನಿಮಿಷದಲ್ಲಿ ಲೆಕ್ಕ ಹಾಕಿಕೊಂಡಿದ್ದ ಪ್ರಶ್ನೆ. ದೂರದರ್ಶಕವನ್ನು ಸೂರ್ಯನ ಹತ್ತಿರದ ದಿಕ್ಕಿಗೆ ತಿರುಗಿಸುವಂತಿಲ್ಲ, ತಿರುಗಿಸಿದರೆ ಅದರ ಕಣ್ಣು ಸುಟ್ಟುಹೋಗುತ್ತದೆ. "ಅಡ್ಡ ಬಂದು ಆರು ದಿನ ಆಯ್ತು ಸರ್. ಇನ್ನು ಮೂರು ತಿಂಗಳು ಆ ಕಡೆ ನೋಡೋ ಹಾಗಿಲ್ಲ."

ಮುಖ್ಯಸ್ಥರು ಕೂತರು. ಕೊನೆಗೆ "ಹೋಗಿ, ನೀರು ಕುಡೀರಿ" ಎಂದರು. "ಬೈದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು," ಎನ್ನುತ್ತಾರೆ ಜರಡಿಯಕ್ಕ. ಐದು ದಿನದೊಳಗೆ ಸಿಕ್ಕಿದ್ದರೆ ತಿರುಗಿಸಬಹುದಿತ್ತು. ಐದು ದಿನ. ಮೂರು ತಿಂಗಳು ಕಳೆದು ತಿರುಗಿಸಿದಾಗ ಆ ನಕ್ಷತ್ರ ಎಂದಿನಂತೆ ತಣ್ಣಗಿತ್ತು, ಏನೂ ನಡೆದೇ ಇಲ್ಲವೆಂಬಂತೆ.

ಯಜಮಾನರು ಸಮಾಧಾನ ಮಾಡಲು ತಮಗೆ ಗೊತ್ತಿದ್ದ ಒಂದೇ ದಾರಿ ಹಿಡಿದರು. "ಹತ್ತೊಂಬತ್ತು ವರ್ಷ ಸುಮ್ನಿದ್ದು, ನೀನು ರಜೆ ಹಾಕಿದ ದಿನಾನೇ ನೋಡ್ಕೊಂಡು ಸಿಡಿದಿದೆ ನೋಡು. ಇಂಥವರು ನಮ್ಮ ನೆಂಟರಲ್ಲೂ ಇದ್ದಾರೆ ಕಣೇ." ಜರಡಿಯಕ್ಕ ನಗಲಿಲ್ಲ. ಆ ವಾರ ಪೂರ್ತಿ ಊಟಕ್ಕೆ ಕೂತವರು ತಟ್ಟೆ ನೋಡುತ್ತ ಏಳುತ್ತಿದ್ದರು. ಯಜಮಾನರೂ ಆಮೇಲೆ ತಮಾಷೆ ಬಿಟ್ಟು, ಬೆಳಗ್ಗೆ ಬೇಗ ಎದ್ದು ಅವರನ್ನು ವ್ಯಾನಿನಲ್ಲಿ ಕಚೇರಿಗೆ ಬಿಡತೊಡಗಿದರು. ಈಗಲೂ ಬಿಡುತ್ತಾರೆ.

ಇಲ್ಲಿಗೆ ಮುಗಿದಿದ್ದರೆ ಇದೊಂದು ಕೈತಪ್ಪಿದ ಸಿಡಿತದ ಕಥೆಯಾಗಿ ಉಳಿಯುತ್ತಿತ್ತು. ಮುಗಿಯಲಿಲ್ಲ. ನಡೆದದ್ದನ್ನು ಬರೆದುಕೊಡಿ ಎಂದರು. ಜರಡಿಯಕ್ಕ ಎರಡು ಪುಟ ಬರೆದರು. ಒಂದು ಮಾತನ್ನೂ ತಮ್ಮ ಕಡೆಗೆ ವಾಲಿಸಿಕೊಳ್ಳಲಿಲ್ಲ. ಐವರ ಸಮಿತಿ ಬಂತು, ಎರಡು ದಿನ ಕೂತಿತು, ಹೋಯಿತು. ಅದರ ವರದಿಯಲ್ಲಿ ಒಂದು ಸಾಲು: ಸೋಸುವಿಕೆಯು ಒಬ್ಬ ವ್ಯಕ್ತಿಯನ್ನು ಅವಲಂಬಿಸಿರುವುದೇ ವಿಳಂಬಕ್ಕೆ ಮೂಲಕಾರಣ. ಪರಿಹಾರವನ್ನೂ ಅವರೇ ಸೂಚಿಸಿದ್ದರು. ಪ್ರೋಗ್ರಾಮನ್ನು ತಿದ್ದಿ, ಕೆಳಗಿನ ಕೋಣೆಯಲ್ಲಲ್ಲ, ಮೇಲೆ ದೂರದರ್ಶಕದೊಳಗೇ ಕೂರಿಸುವುದು. ಸೋಸುವುದು ಅಲ್ಲೇ ಆಗಬೇಕು, ಆರಿಸಿದ್ದು ಮಾತ್ರ ಕೆಳಗೆ ಬರಬೇಕು.

ಅವತ್ತು ಜರಡಿಯಕ್ಕ ಎರಡನೇ ಸಲ ಮೂರನೇ ಮಹಡಿ ಹತ್ತಿದರು. "ಸರ್, ಬಿಟ್ಟಿದ್ದು ಪ್ರೋಗ್ರಾಮು. ಸಿಕ್ಕಿದ್ದು ನನಗೆ."

"ಗೊತ್ತಮ್ಮಾ," ಎಂದರು ಮುಖ್ಯಸ್ಥರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಆದ್ರೆ ಪ್ರೋಗ್ರಾಮನ್ನ ತಿದ್ದಬಹುದು. ಮನುಷ್ಯರ ಮನೇಲಿ ಸಾವಾಗೋದನ್ನ ತಿದ್ದೋಕಾಗುತ್ತಾ?"

ಜರಡಿಯಕ್ಕ ಕೆಳಗಿಳಿದು ಬಂದು ಅವತ್ತಿನ ಗೆರೆಗಳನ್ನು ತೆರೆದರು.

ಅಂದಿನಿಂದ ದಿನಕ್ಕೆ ಮುನ್ನೂರರ ಬದಲು ನಲವತ್ತು ಸೂಜಿಗಳು ಬರುತ್ತವೆ. ಎಲ್ಲವೂ ಒಮ್ಮೆ ಸೋಸಿದವು. ಉಳಿದ ಇನ್ನೂರೈವತ್ತಕ್ಕೂ ಹೆಚ್ಚು ಮೇಲೇ ಅಳಿಸಿಹೋಗುತ್ತವೆ. ಹೊಟ್ಟಿನ ರಾಶಿ ಎಂಬುದೇ ಈಗಿಲ್ಲ. ಈ ಮೂರು ವರ್ಷದಲ್ಲಿ ಪ್ರೋಗ್ರಾಮು ಬಿಟ್ಟದ್ದು ಎಂದು ಜರಡಿಯಕ್ಕನಿಗೆ ಸಿಕ್ಕಿರುವುದು ಒಂದೂ ಇಲ್ಲ. ವರ್ಷದ ಕೊನೆಯ ವರದಿಯಲ್ಲಿ ಅದನ್ನೇ ಪ್ರೋಗ್ರಾಮಿನ ಹೆಗ್ಗಳಿಕೆ ಎಂದು ಬರೆಯುತ್ತಾರೆ: ತಪ್ಪಿದ ಸಿಡಿತಗಳು, ಸೊನ್ನೆ. "ತಪ್ಪಿದ್ದನ್ನ ನೋಡೋಕೆ ಬಿಟ್ರೆ ತಾನೇ ತಪ್ಪಿದ್ದು ಸಿಗೋದು?" ಎನ್ನುತ್ತಾರೆ ಜರಡಿಯಕ್ಕ. ಆಮೇಲೆ ತಾವೇ ಸೇರಿಸುತ್ತಾರೆ: "ಅಥವಾ ನಿಜವಾಗ್ಲೂ ಅದು ಏನೂ ಬಿಡ್ತಾ ಇಲ್ವೋ ಏನೋ. ನನ್ನ ಹೊಟ್ಟೆಕಿಚ್ಚೂ ಇರಬಹುದು. ಹೇಗೆ ಗೊತ್ತಾಗ್ಬೇಕು? ಅದೇ ನನ್ನ ತಿನ್ನೋದು. ಬಾಯಿ ಮುಚ್ಕೊಂಡಿದ್ರೆ ರಾಶಿ ಉಳೀತಿತ್ತು. ಹೇಳಿ ನಾನೇ ಅದನ್ನ ಕಳ್ಕೊಂಡೆ."

ಮತ್ತೆ ಅಂಥ ಗಳಿಗೆ ಬಂದರೆ ಹೇಳದೆ ಇರುತ್ತೀರಾ ಎಂದು ಕೇಳಿದರೆ ಅವರು ಪ್ರಶ್ನೆ ಅರ್ಥವಾಗದವರಂತೆ ನೋಡುತ್ತಾರೆ. "ಹೇಳದೆ ಇರೋಕೆ ಬರುತ್ತಾ? ಕಂಡಿದೆಯಲ್ಲ."

ಈಗ ಆ ಪ್ರಶ್ನೆಗೂ ಹೆಚ್ಚು ದಿನ ಉಳಿದಿಲ್ಲ. ದೂರದರ್ಶಕ ಕೆಳಗಿಳಿಯುತ್ತಿದೆ. ಗಾಳಿಯ ತೆಳು ಪದರ ಅದನ್ನು ಸವರಿ ಸವರಿ ಎಳೆಯುತ್ತಿದೆ. ಮೊದಲು ಒಂದು ಸುತ್ತಿಗೆ ತೊಂಬತ್ತಾರು ನಿಮಿಷ ತೆಗೆದುಕೊಳ್ಳುತ್ತಿತ್ತು, ಈಗ ತೊಂಬತ್ತೊಂದೂವರೆ. ತಲೆ ಮೇಲೆ ಹನ್ನೆರಡು ನಿಮಿಷ ಇರುತ್ತಿದ್ದುದು ಈಗ ಒಂಬತ್ತು. "ಸಾಯೋಕೂ ಅವಸರ ಅದಕ್ಕೆ," ಎನ್ನುತ್ತಾರೆ ಅವರು. ನಾಲ್ಕು ಪೆಟ್ಟಿಗೆಗಳಲ್ಲಿ ಎರಡು ಕುರುಡಾಗಿವೆ. ಮೈ ನೆಟ್ಟಗೆ ಹಿಡಿದಿಡುವ ಚಕ್ರಗಳಲ್ಲಿ ಒಂದು ನಿಂತಿದೆ. ತಿಂಗಳ ಕೊನೆಯ ದಿನ ಮಧ್ಯಾಹ್ನ ಕೊನೆಯ ಆಜ್ಞೆ ಕಳಿಸಿ ಅದರ ಬಾಯಿ ಮುಚ್ಚಿಸುತ್ತಾರೆ. ಆಮೇಲೆ ಕೆಲವು ತಿಂಗಳು ಅದು ಸದ್ದಿಲ್ಲದೆ ಸುತ್ತಿ, ಒಂದಿನ ಯಾವುದೋ ಸಮುದ್ರದ ಮೇಲೆ ಉರಿದುಹೋಗುತ್ತದೆ. ಮುಂದಿನ ದೂರದರ್ಶಕ ಏಳು ವರ್ಷದಿಂದ ಕಾಗದದ ಮೇಲಿದೆ. ಹೋದ ವರ್ಷ ಆ ಕಾಗದವನ್ನೂ ಬೇರೆ ಕಚೇರಿಗೆ ಕಳಿಸಿದರಂತೆ. ಅಲ್ಲಿ ಅದು ಯಾರ ಮೇಜಿನ ಮೇಲಿದೆ ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲ.

ಕಟ್ಟಡದಲ್ಲಿ ಈಗ ನಾಲ್ವರಿದ್ದಾರೆ. ಹೊಸ ಉಸ್ತುವಾರಿಯವರು, ಗೇಟಿನ ಕಾವಲುಗಾರ, ಆಂಟೆನಾ ಮೇಸ್ತ್ರಿ, ಜರಡಿಯಕ್ಕ. ಹಳೆಯ ಮುಖ್ಯಸ್ಥರು ನಿವೃತ್ತರಾಗಿದ್ದಾರೆ. ಉದ್ದನೆಯ ಓಣಿಯಲ್ಲಿ ಬಾಗಿಲುಗಳಿಗೆಲ್ಲ ಬೀಗ. ನೆಲ ಒರೆಸುವವರು ವಾರಕ್ಕೊಮ್ಮೆ ಬರುತ್ತಾರೆ, ಒರೆಸಿದ ಮೇಲೆ ಹೆಜ್ಜೆಗುರುತು ಮೂಡುವುದು ಈ ನಾಲ್ವರದ್ದೇ. ಮೇಸ್ತ್ರಿಯನ್ನು ಒಂದು ಬಸ್ ಡಿಪೊಗೆ ಹಾಕಿದ್ದಾರೆ. ಜರಡಿಯಕ್ಕನನ್ನು ಹಾಕಿರುವುದು ಇನ್ನೊಂದು ಇಲಾಖೆಯ ಪತ್ರ ರವಾನೆ ವಿಭಾಗಕ್ಕೆ. "ಲಕೋಟೆ ವಿಂಗಡಿಸೋ ಕೆಲಸ. ಅಲ್ಲೂ ಜರಡೀನೇ ನಿನಗೆ," ಎಂದು ಮೇಸ್ತ್ರಿ ರೇಗಿಸುತ್ತಾನೆ. "ಅಲ್ಲಿ ಹೊಟ್ಟೇ ಇರಲ್ಲ ಕಣೋ, ಬಂದಿದ್ದೆಲ್ಲಾ ಯಾರದ್ದೋ ವಿಳಾಸ ಇರೋದೇ," ಎನ್ನುತ್ತಾರೆ ಜರಡಿಯಕ್ಕ. ಮೇಸ್ತ್ರಿಗೆ ನಗಬೇಕೋ ಬೇಡವೋ ತಿಳಿಯುವುದಿಲ್ಲ.

ಹೋದ ವಾರ ಉಸ್ತುವಾರಿಯವರಿಗೆ ಅವರೊಂದು ಅರ್ಜಿ ಕೊಟ್ಟರು. ಅರ್ಧ ಪುಟ. ಉಳಿದ ದಿನಗಳ ಮಟ್ಟಿಗಾದರೂ ಮೇಲಿನ ಪ್ರೋಗ್ರಾಮನ್ನು ನಿಲ್ಲಿಸಿ, ಬಂದದ್ದನ್ನೆಲ್ಲ ಸೋಸದೆ ಕೆಳಗೆ ಬಿಡಬೇಕೆಂದು ಕೋರಿಕೆ. ಉಸ್ತುವಾರಿಯವರು ಒಳ್ಳೆಯವರು, ಕೂರಿಸಿಕೊಂಡೇ ಮಾತಾಡಿದರು. "ಮುಚ್ಚೋ ಅಂಗಡಿಗೆ ಹೊಸ ಬಾಗಿಲು ಹಾಕಿಸಿದ ಹಾಗಾಗುತ್ತಲ್ಲಮ್ಮಾ. ಪ್ರೋಗ್ರಾಮ್ ನಿಲ್ಲಿಸೋಕೆ ಹೋಗಿ ಇಡೀ ಯಂತ್ರಾನೇ ನಿಂತುಬಿಟ್ರೆ ಯಾರು ಹೊಣೆ?" ಅರ್ಜಿಯ ಮೇಲೆ ನೋಡಲಾಗಿದೆ ಎಂದು ಬರೆದು ಸಹಿ ಹಾಕಿದರು. ಜರಡಿಯಕ್ಕ ಅದನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಬಂದು, ಅವತ್ತಿನ ನಲವತ್ತನ್ನು ನೋಡಿದರು.

ಮಧ್ಯಾಹ್ನ ಎರಡು ಸುತ್ತುಗಳ ನಡುವೆ ಅವರು ತಾರಸಿಗೆ ಬರುತ್ತಾರೆ. ನೆರಳಿಗೆ ಆಂಟೆನಾದ ಬಟ್ಟಲೇ ಗತಿ. ಬಿಸಿಲಿನಲ್ಲಿ ಊರಿನ ಚಾವಣಿಗಳೆಲ್ಲ ಬೆಳ್ಳಗೆ ಕಾಣುತ್ತವೆ. ಎಲ್ಲೋ ಒಂದು ಬಸ್ಸು ಹಾರ್ನ್ ಹಾಕುತ್ತದೆ. ಇಲ್ಲಿಂದ ಹೋದ ಮೇಲೆ ಏನು ಆಸೆ ಎಂದು ಕೇಳಿದರೆ ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಳ್ಳುತ್ತಾರೆ.

"ದೊಡ್ಡ ಆಸೆ ಏನಿಲ್ಲ. ನಮ್ಮ ಇನ್ನೊಂದು ದೂರದರ್ಶಕ ಮೇಲೆ ಹೋಗೋವರೆಗೆ ಆ ನಕ್ಷತ್ರ ಸುಮ್ನಿದ್ರೆ ಸಾಕು. ಹತ್ತು ವರ್ಷವೋ, ಇಪ್ಪತ್ತು ವರ್ಷವೋ."

ಮತ್ತೆ ತಾವೇ ತಲೆ ಅಲ್ಲಾಡಿಸುತ್ತಾರೆ.

"ಅದೂ ಸುಳ್ಳು ಆಸೆ. ಬೆಳಕಿಗೇ ಇಪ್ಪತ್ತೆಂಟು ಸಾವಿರ ವರ್ಷದ ದಾರಿ ಅದು. ನಮ್ಮ ಕಾಲದಲ್ಲಿ ಬರಬೇಕಾದ್ದೆಲ್ಲಾ ಯಾವತ್ತೋ ಹೊರಟುಬಿಟ್ಟಿದೆ. ಈಗ ನಾವು ಮಾತಾಡ್ತಿರೋವಾಗ್ಲೂ ಬರ್ತಾ ಇದೆ. ನಾನು ಬೇಡ ಅಂದ್ರೆ ನಿಲ್ಲುತ್ತಾ, ನಿಧಾನ ಆಗುತ್ತಾ?"

ಕೆಳಗೆ ಕಾವಲುಗಾರ ಗೇಟು ತೆರೆಯುವ ಸದ್ದು ಕೇಳುತ್ತದೆ. ಅವರು ಕನ್ನಡಕ ಹಾಕಿಕೊಂಡು ಎದ್ದು ನಿಲ್ಲುತ್ತಾರೆ.

"ಬರುತ್ತೆ. ಯಾವತ್ತೋ ಒಂದಿನ ಬಂದೇ ಬರುತ್ತೆ. ಅಷ್ಟು ದೂರದಿಂದ ಬಂದು, ನಲವತ್ತೋ ಐವತ್ತೋ ಸೆಕೆಂಡು ಇದ್ದು ಹೋಗುತ್ತೆ. ಬಂದಿತ್ತು ಅಂತ ಹೇಳೋಕೆ ಇಲ್ಲಿ ಒಬ್ಬರೂ ಇರಲ್ಲ."